ಮೆನು ಕಾರ್ಡಿನ ಎ.ಪಿ.ಎಸ್. ಮತ್ತು ಪಾಪ್ಲೆಟ್ ಮರಿ: ಮುಂಬಯಿಯ ಮೀನೂಟದ ಹೋಟೆಲಿನವರಿಗೆ ಒಂದು ಬಹಿರಂಗ ಪತ್ರ

ಫೋರ್ಟಿನಿಂದ ಬೊರಿವಲಿವರೆಗೆ, ಆಚೆ ಠಾಣೆ, ವಾಶಿವರೆಗೆ ಮೀನೂಟದ ಹೋಟೆಲು ನಡೆಸುತ್ತಿರುವ ನಮ್ಮ ಊರ ಕಡೆಯ ಶೆಟ್ರಿಗೆ, ಪೂಜಾರ್ರಿಗೆ, ಕಾಮತರಿಗೆ, ಎಲ್ಲರಿಗೂ ನಮಸ್ಕಾರ.

ನಾನು ನಿಮಗೆ ಮೀನು ತಂದುಕೊಡುವವರಲ್ಲಿ ಒಬ್ಬ. ಬೆಳಗಿನ ಜಾವ ಭಾವುಚಾ ಧಕ್ಕಾದಲ್ಲೋ ಸಸೂನ್ ಡಾಕಿನಲ್ಲೋ ಹರಾಜು ಮುಗಿಸಿ, ಐಸು ತುಂಬಿದ ಪೆಟ್ಟಿಗೆಗಳನ್ನು ಟೆಂಪೋಗೆ ಹೇರಿಕೊಂಡು ನಿಮ್ಮ ಹಿಂಬಾಗಿಲಲ್ಲಿ ಇಳಿಸಿ ಹೋಗುವ ಜನ. ಹೆಸರು ಬರೆದಿಲ್ಲ. ನಾಳೆಯೂ ನಿಮ್ಮಲ್ಲೇ ವ್ಯಾಪಾರ ಆಗಬೇಕು, ಹಳೆಯ ಬಾಕಿಯೂ ವಸೂಲಾಗಬೇಕು.

ಅಳತೆಗೆ ಬೆಳೆಯದ ಮೀನಿನ ಮರಿಯನ್ನು ಕೊಳ್ಳುವುದು ನಾವು ನಿಲ್ಲಿಸಬೇಕು, ಈ ಪತ್ರದ ವಿಷಯ ಅದೇ. ‘ಇದನ್ನೆಲ್ಲ ಸಚಿವರಿಗೆ ಬರೆಯಿರಿ, ನಮಗೇಕೆ?’ ಎಂದು ಕೇಳುವವರಿದ್ದೀರಿ. ಸರಕಾರಕ್ಕೂ ಎರಡು ಮಾತು ಕೆಳಗಿದೆ. ಆದರೆ ಕಡಲಿನ ಮೀನಿಗೆ ಈ ದೇಶದಲ್ಲಿ ಕಾನೂನಿನ ಬರ ಇದೆ ಎಂದು ನನಗೆ ಅನಿಸುವುದಿಲ್ಲ. ಗೋವಾದ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1980ರದ್ದು, ಮಹಾರಾಷ್ಟ್ರದ್ದು 1981ರದ್ದು, ನಮ್ಮ ಕರ್ನಾಟಕದ್ದು 1986ರದ್ದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಡುಗಡಲಿನಲ್ಲಿ ಯಾಂತ್ರಿಕ ಬೋಟು ಇಳಿಯುವಂತಿಲ್ಲ. ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಗೆ ಇಂತಿಂಥ ತಿಂಗಳು, ಇಂತಿಷ್ಟೇ ಪರ್ಮಿಟ್ಟು ಎಂದು ಮಹಾರಾಷ್ಟ್ರ 2016ರ ಫೆಬ್ರವರಿಯಲ್ಲೇ ಆದೇಶ ಹೊರಡಿಸಿದೆ. ರಾತ್ರಿ ಎಲ್‌ಇಡಿ ದೀಪ ಉರಿಸಿ ಮೀನನ್ನು ಒಟ್ಟುಗೂಡಿಸಿ ಬಾಚುವುದನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದನ್ನೂ ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. 2021ರಲ್ಲಿ ಮಹಾರಾಷ್ಟ್ರದ ಕಾಯ್ದೆಗೆ ತಿದ್ದುಪಡಿ ಬಂದು ದಂಡ ಲಕ್ಷಗಟ್ಟಲೆಗೆ ಏರಿತು. 2025ರ ಜನವರಿಯಿಂದ ಕಡಲ ಮೇಲೆ ಡ್ರೋನು ಬೇರೆ ಹಾರುತ್ತಿದೆ.

ಇಷ್ಟೆಲ್ಲ ಇದ್ದೂ ಹರಾಜಿನ ಕಟ್ಟೆಯ ಮೇಲೆ ಅಂಗೈಗಿಂತ ಚಿಕ್ಕ ಪಾಪ್ಲೆಟ್, ಅಂದರೆ ಪಾಂಫ್ರೆಟ್ ಮೀನು, ಬಂದು ಬೀಳುತ್ತದೆ. ಬಿದ್ದ ಐದು ನಿಮಿಷದಲ್ಲಿ ಮಾರಿಯೂ ಹೋಗುತ್ತದೆ. ಕೊಳ್ಳುವವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

ನಮ್ಮ ಹೋಟೆಲುಗಳ ಮೆನು ಕಾರ್ಡು ತೆಗೆದು ನೋಡಿ. ಪಾಪ್ಲೆಟ್ ತವಾ ಫ್ರೈ, ಸುರಮಯಿ, ಏಡಿ ಇವುಗಳ ಮುಂದೆ ರೂಪಾಯಿ ಇರುವುದಿಲ್ಲ, ಎ.ಪಿ.ಎಸ್. ಎಂಬ ಮೂರಕ್ಷರ ಇರುತ್ತದೆ. ‘ಆ್ಯಸ್ ಪರ್ ಸೈಜ್’, ಅಂದರೆ ಸೈಜು ನೋಡಿ ರೇಟು. ಅಂದಮೇಲೆ ಈ ಊರಿನಲ್ಲಿ ದಿನ ಬೆಳಗಾದರೆ ಮೀನಿನ ಅಳತೆಯನ್ನು ಕಣ್ಣಲ್ಲೇ ಹಿಡಿಯುವವರು ಇಲಾಖೆಯವರಲ್ಲ, ನೀವು. ಗಲ್ಲಾದಲ್ಲಿ ಕೂತ ನಮ್ಮ ಸೇಟುಗಳಿಗೆ, ಒಳಗೆ ಅಡುಗೆ ಮಾಡುವ ಭಂಡಾರಿಗೆ, ಪೆಟ್ಟಿಗೆಯ ಮುಚ್ಚಳ ಸರಿಸಿದೊಡನೆ ಇದು ಎಷ್ಟು ಗ್ರಾಮಿನದು, ತಾಟಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ, ಎಷ್ಟಕ್ಕೆ ಹೋಗುತ್ತದೆ ಎಂಬುದೆಲ್ಲ ಗೊತ್ತಾಗುತ್ತದೆ. ಈ ಕಣ್ಣು ಸರಕಾರದ ಹತ್ತಿರ ಇಲ್ಲ. ಪತ್ರ ನಿಮಗೆ ಬರೆಯುತ್ತಿರುವುದು ಅದಕ್ಕೇ.

2023ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಎರಡು ಕೆಲಸ ಮಾಡಿತು. ಬಿಳಿ ಪಾಪ್ಲೆಟ್ಟನ್ನು, ಅಂದರೆ ನಮ್ಮ ಮಾಂಜಿಯನ್ನು, ರಾಜ್ಯದ ಮೀನು ಎಂದು ಘೋಷಿಸಿತು. ಆ ಹೊತ್ತಿಗೇ 54 ಜಾತಿಯ ಮೀನು, ಸಿಗಡಿ, ಏಡಿಗಳಿಗೆ ಕನಿಷ್ಠ ಅಳತೆ ಗೊತ್ತುಮಾಡಿ, ಅದಕ್ಕಿಂತ ಚಿಕ್ಕದನ್ನು ಹಿಡಿಯಬಾರದು ಎಂದಿತು. ಪಟ್ಟಿಯ ಹಿಂದೆ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ, ಅಂದರೆ ಸಿಎಂಎಫ್‌ಆರ್‌ಐಯ, ಶಿಫಾರಸು ಇದೆ. ಇಂಥ ಪಟ್ಟಿ ಮೊದಲು ಬಂದದ್ದು ಕೇರಳದಲ್ಲಿ, 2015ರಲ್ಲಿ 14 ಜಾತಿಗೆ. ಎರಡು ವರ್ಷದಲ್ಲಿ ಅದು 58 ಜಾತಿಗೆ ಬೆಳೆಯಿತು. ಕೇರಳದವರ ಲೆಕ್ಕದಲ್ಲಿ ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ, ಇಲ್ಲಿ ಸುರಮಯಿ ಎನ್ನುವ ನಮ್ಮ ಅಂಜಲ್ 50 ಸೆಂಟಿಮೀಟರಿಗಿಂತ ಚಿಕ್ಕದಿರಬಾರದು.

ಇದೇನೂ ಬಿಗಿಯಾದ ಅಳತೆಯಲ್ಲ. ಅಂಜಲ್ ಮೊದಲ ಸಲ ಮೊಟ್ಟೆ ಇಡುವುದು ಸುಮಾರು 70 ಸೆಂಟಿಮೀಟರಿಗೆ ಬೆಳೆದ ಮೇಲೆ. 50 ಎನ್ನುವುದೇ ಮೀನುಗಾರನ ಹೊಟ್ಟೆಪಾಡು ನೋಡಿ ಮಾಡಿಕೊಂಡ ರಾಜಿ. ‘ಒಂದು ಕಿಲೋ ಒಳಗಿನ ಸುರಮಯಿ ಕಳಿಸಿ, ತುಂಡು ಸಣ್ಣ ಬಂದರೆ ಥಾಲಿಗೆ ಸರಿಹೋಗುತ್ತದೆ’ ಎಂದು ನೀವು ಫೋನು ಮಾಡುತ್ತೀರಲ್ಲ, ಆ ಸುರಮಯಿ ಒಂದು ಸಲವೂ ಮೊಟ್ಟೆ ಇಟ್ಟಿರುವುದಿಲ್ಲ.

ಕೇರಳಕ್ಕೆ ಬುದ್ಧಿ ಬಂದದ್ದು ಬೂತಾಯಿಯಿಂದ. ನಮ್ಮ ಅಜ್ಜಂದಿರು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಸುರಿಯುತ್ತಿದ್ದ ಬೂತಾಯಿ! 2012ರಲ್ಲಿ ಕೇರಳದ ಬಂದರುಗಳಿಗೆ ಸುಮಾರು 3.9 ಲಕ್ಷ ಟನ್ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಲಕ್ಷ ಅಲ್ಲ, ಬರೀ ಮೂರು ಸಾವಿರ ಚಿಲ್ಲರೆ. ಇದಕ್ಕೆ ಬಲೆಯೊಂದೇ ಕಾರಣ ಎಂದರೆ ಅನ್ಯಾಯ. ಕಡಲಿನ ಬಿಸಿ ಏರಿದ್ದು, ಎಲ್ ನಿನೊ, ಮಳೆಯ ಏರುಪೇರು ಎಲ್ಲವನ್ನೂ ವಿಜ್ಞಾನಿಗಳು ಹೇಳಿದ್ದಾರೆ. ಆದರೆ ಅಂಥ ಕೆಟ್ಟ ವರ್ಷದಲ್ಲಿ ಉಳಿದಷ್ಟು ಮರಿಯನ್ನೂ ಬಾಚಿದರೆ ಮುಂದಿನ ವರ್ಷಕ್ಕೆ ತಾಯಿ ಮೀನು ಎಲ್ಲಿಂದ ಬರಬೇಕು? ಬೂತಾಯಿ ಒಂದು ವರ್ಷದೊಳಗೇ ಮೊಟ್ಟೆಗೆ ಬರುವ ಜಾತಿ. ಹಾಗಾಗಿ ಬೇಗ ಚೇತರಿಸಿಕೊಂಡಿತು, ಕೇರಳದಲ್ಲಿ ಮತ್ತೆ ಲಕ್ಷ ಟನ್ ದಾಟಿತು. ಪಾಪ್ಲೆಟ್, ಅಂಜಲ್‌ಗಳಿಂದ ಆ ಚುರುಕು ನಿರೀಕ್ಷಿಸಬೇಡಿ.

ಮಹಾರಾಷ್ಟ್ರದ್ದೂ ಹೇಳಿಬಿಡುತ್ತೇನೆ. 2018ರಲ್ಲಿ 2.95 ಲಕ್ಷ ಟನ್ ಇದ್ದ ಮೀನು 2019ರಲ್ಲಿ 2.01 ಲಕ್ಷ ಟನ್ನಿಗೆ ಇಳಿಯಿತು. 45 ವರ್ಷಗಳಲ್ಲೇ ಕಡಿಮೆ ಎಂದು ಸಿಎಂಎಫ್‌ಆರ್‌ಐ ಲೆಕ್ಕ ಕೊಟ್ಟಿತು. ಆ ವರ್ಷ ಒಂದರ ಹಿಂದೊಂದು ಚಂಡಮಾರುತ ಬಂದು ಬೋಟುಗಳು ದಡದಲ್ಲೇ ಉಳಿದವು, ನಿಜ. ಆದರೂ ಬೊಂಬಿಲಿಗೆ, ಅಂದರೆ ಬಾಂಬೆ ಡಕ್ ಮೀನಿಗೆ, ಹೆಸರಾದ ಊರಿನಲ್ಲಿ ಬೊಂಬಿಲೇ ಇಲ್ಲ ಎಂದು ಇಲ್ಲಿಯ ಮೂಲ ಮೀನುಗಾರರಾದ ಕೋಲಿಗಳ ಹೆಂಗಸರು ಖಾಲಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದನ್ನು ಆ ವರ್ಷ ಮಾರ್ಕೆಟ್ಟಿಗೆ ಹೋದವರೆಲ್ಲ ನೋಡಿದ್ದಾರೆ.

ಈಗ ಬೋಟಿನವರ ಮಾತು. ಅವರದು ಒಂದೇ ಪ್ರಶ್ನೆ: ‘ಬಲೆ ಮೇಲೆ ಬಂದಾಗ ಮರಿ ಸತ್ತೇ ಇರುತ್ತದೆ. ಸತ್ತದ್ದನ್ನು ಕಡಲಿಗೆ ಎಸೆದು ಯಾರಿಗೆ ಪುಣ್ಯ?’ ಪ್ರಶ್ನೆ ಸರಿಯಾಗಿಯೇ ಇದೆ. ಟ್ರಾಲ್ ಬಲೆ ತಳದಲ್ಲಿ ಗಂಟೆಗಟ್ಟಲೆ ಎಳೆದು ಮೇಲೆ ಬರುವಾಗ ಅದರಲ್ಲಿ ಹತ್ತಾರು ಜಾತಿ ಒಟ್ಟಿಗೆ ಇರುತ್ತದೆ. ಸಿಗಡಿಗೆಂದು ಹಾಕಿದ ಬಲೆಯಲ್ಲಿ ಪಾಪ್ಲೆಟ್ ಮರಿಯೂ ಬರುತ್ತದೆ, ಕೋಲಿಗಳ ಡೋಲ್ ಬಲೆಯಲ್ಲೂ ಬರುತ್ತದೆ. ಬೋಟು ನಡೆಸುವ ತಾಂಡೇಲ ಕೈಯಲ್ಲಿ ಸ್ಕೇಲು ಹಿಡಿದು ಆರಿಸುತ್ತಾ ಕೂರಲು ಆಗುವುದಿಲ್ಲ.

ಆದರೆ ಬಲೆ ಹಾಕುವ ಮೊದಲು ಅವನ ಕೈಯಲ್ಲಿ ಬಹಳ ಇದೆ. ಬಲೆಯ ತುದಿಯ ಚೀಲದ ಕಣ್ಣು ಎಷ್ಟಿರಬೇಕು ಎಂಬುದು ಅವನ ಕೈಯಲ್ಲಿದೆ. ಸಾಮಾನ್ಯ ಬಲೆಯ ಕಣ್ಣು ವಜ್ರದ ಆಕಾರದ್ದು, ಬೋಟು ಎಳೆದಾಗ ಬಿಗಿದು ಮುಚ್ಚಿಕೊಳ್ಳುತ್ತದೆ, ಬೆರಳೂ ತೂರುವುದಿಲ್ಲ. ಚೌಕ ಕಣ್ಣಿನ ಚೀಲ ಎಳೆದರೂ ತೆರೆದೇ ಇರುತ್ತದೆ, ಮರಿ ನೀರಿನಲ್ಲೇ ನುಸುಳಿ ಹೋಗುತ್ತದೆ. ಅದನ್ನೇ ಹಾಕಬೇಕೆಂದು ನಿಯಮವೂ ಇದೆ. ಹಾಕುವುದಿಲ್ಲ, ಏಕೆಂದರೆ ಮರಿಯ ಜೊತೆ ಡೀಸೆಲ್ಲಿನ ಖರ್ಚೂ ನುಸುಳಿ ಹೋಗುತ್ತದೆ ಎಂಬ ಹೆದರಿಕೆ. ಯಾವ ತಿಂಗಳು ಯಾವ ಆಳದಲ್ಲಿ ಮರಿಯೇ ತುಂಬಿರುತ್ತದೆ ಎಂಬುದೂ ಹಳೆಯ ತಾಂಡೇಲರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅಲ್ಲಿಗೇ ಹೋಗುತ್ತಾರೆ, ಮರಿಗೂ ರೇಟು ಇದೆಯಲ್ಲ.

ಆ ರೇಟು ಕಟ್ಟುವವರು ನಾವು. ನಾನು ಹರಾಜಿನಲ್ಲಿ ಕೂಗುವುದು ನಿಮ್ಮ ಫೋನನ್ನು ನಂಬಿ. ಕಾನೂನು ಕಡಲಿನಲ್ಲಿ ಬೋಟಿನ ಹಿಂದೆ ಓಡುತ್ತದೆ, ಡ್ರೋನು ಬೋಟಿನ ನೆತ್ತಿಯ ಮೇಲೆ ಹಾರುತ್ತದೆ. ಡ್ರೋನಿಗೆ ಬೋಟು ಎಲ್ಲಿದೆ, ದೀಪ ಹಾಕಿದೆಯೇ ಎಂದು ಕಾಣುತ್ತದೆ, ಪೆಟ್ಟಿಗೆಯೊಳಗಿನ ಮೀನು ಎಷ್ಟು ಉದ್ದ ಎಂದು ಕಾಣುವುದಿಲ್ಲ. ಅದು ಕಾಣುವುದು ದಕ್ಕೆಯಲ್ಲಿ ಮತ್ತು ನಿಮ್ಮ ಅಡುಗೆಮನೆಯಲ್ಲಿ.

ಇದಕ್ಕೆ ಒಬ್ಬ ಹಿರಿಯ ಭಂಡಾರಿ ನನಗೆ ಕೊಟ್ಟ ಉತ್ತರ: ‘ಗಿರಾಕಿಗೆ ತಾಟಿನಲ್ಲಿ ತಲೆಯೂ ಬಾಲವೂ ಕಾಣಬೇಕು ಮಾರಾಯ್ರೇ. ಅರ್ಧ ಪಾಪ್ಲೆಟ್ ಕೊಟ್ಟರೆ ಉಳಿದರ್ಧ ಎಲ್ಲಿ ಅಂತ ಕೇಳ್ತಾರೆ.’ ನಕ್ಕು ಬಂದೆ, ಆದರೆ ವಿಷಯದ ಬೇರು ಅಲ್ಲೇ ಇದೆ. ಇಡೀ ಮೀನು ಬೇಕು, ರೇಟು ಕೈಗೆಟುಕಬೇಕು, ಎರಡೂ ಸೇರಿದರೆ ಉಳಿಯುವುದು ಮರಿಯೇ. ‘ಪ್ಲೇಟ್ ಸೈಜ್’ ಎಂದು ನಾವು ಹೆಸರಿಟ್ಟಿದ್ದೇವೆ, ಕಡಲಿನ ಮೀನು ನಮ್ಮ ತಾಟಿನ ಅಳತೆಗೆ ಹುಟ್ಟಿದೆಯೋ ಎಂಬಂತೆ. ಊರಿನಲ್ಲಿ ನಮ್ಮ ಅಮ್ಮಂದಿರು ಅಂಜಲ್ ಅನ್ನು ಇಡಿಯಾಗಿ ಬಡಿಸಿದ್ದುಂಟೇ? ತುಂಡು ಮಾಡಿ, ತಲೆಯನ್ನು ಬೇರೆ ಸಾರಿಗೆ ಹಾಕಿ, ಮನೆಮಂದಿಗೆಲ್ಲ ಹಂಚಿದರು. ದೊಡ್ಡ ಪಾಪ್ಲೆಟ್ಟನ್ನೂ ಅಡ್ಡ ಕೊಯ್ದು ಇಬ್ಬರಿಗೆ, ಮೂವರಿಗೆ ಬಡಿಸಬಹುದು. ಮೆನುವಿನಲ್ಲಿ ಅರ್ಧ, ಕಾಲು ಎಂದು ಬರೆದರೆ ಒಂದೆರಡು ತಿಂಗಳು ಗಿರಾಕಿ ಗೊಣಗಬಹುದು, ಅಷ್ಟೇ. ಬಿರಿಯಾನಿಯನ್ನು ಹಾಫ್ ಪ್ಲೇಟ್ ಕೇಳುವ ಊರು ಇದು.

ಚಿಕ್ಕ ಮೀನೇ ಬೇಕೆಂದರೆ ಹುಟ್ಟಿನಿಂದಲೇ ಚಿಕ್ಕದಾಗಿರುವ ಜಾತಿಗಳು ಬೇಕಾದಷ್ಟಿವೆ. ಮಾಂದೇಲಿ, ಬೊಳೆಂಜಿರ್, ಹದಕ್ಕೆ ಬೆಳೆದ ಬೂತಾಯಿ. ಮಾಂದೇಲಿಯನ್ನು ರವೆಯಲ್ಲಿ ಹೊರಳಿಸಿ ಗರಿಗರಿ ಹುರಿದು ಕೊಟ್ಟರೆ ಬೇಡ ಎನ್ನುವವನು ಮುಂಬಯಿಯಲ್ಲಿ ಇನ್ನೂ ಹುಟ್ಟಿಲ್ಲ. ಇವಕ್ಕೆ ಮೆನುವಿನ ಕೊನೆಯ ಸಾಲಿನಲ್ಲಿ ಜಾಗ ಕೊಟ್ಟು, ಮೊದಲ ಪುಟವನ್ನು ಪಾಪ್ಲೆಟ್, ಸುರಮಯಿ, ರಾವಸಿಗೆ ಬಿಟ್ಟಿದ್ದೇವೆ. ಮಾರ್ಜಿನ್ ಅಲ್ಲಿ ಹೆಚ್ಚು ಎಂದು ನನಗೂ ಗೊತ್ತು. ಆದರೆ ಪಾಪ್ಲೆಟ್ಟಿನ ರೇಟು ವರ್ಷ ವರ್ಷ ಏರುತ್ತಿರುವುದನ್ನು ನೋಡಿದರೆ ಆ ಮೊದಲ ಪುಟ ನಮ್ಮ ಮಕ್ಕಳ ಕಾಲಕ್ಕೆ ಬರೀ ಫೋಟೋ ಆಗುವುದರಲ್ಲಿ ನನಗೆ ಸಂಶಯವಿಲ್ಲ.

‘ನಾವು ಬಿಟ್ಟರೆ ಫಿಶ್‌ಮಿಲ್ಲಿಗೆ ಹೋಗುತ್ತದೆ’ ಎನ್ನುವವರಿದ್ದಾರೆ. ಎದುರು ವಾದಗಳಲ್ಲಿ ಇದಕ್ಕೇ ತೂಕ ಹೆಚ್ಚು. ಉಳ್ಳಾಲದಿಂದ ರತ್ನಾಗಿರಿವರೆಗೆ ಮೀನುಪುಡಿ, ಮೀನೆಣ್ಣೆ ಕಾರ್ಖಾನೆಗಳು ಇವೆ, ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿಮೀನು ಬೇಕು. ಸಾಕಣೆ ಸಿಗಡಿಯ ಮೇವಿಗೆ ಹೋಗುವ ಆ ಪುಡಿಯಲ್ಲಿ ಎಷ್ಟೋ ಒಳ್ಳೆಯ ಜಾತಿಯ ಮರಿ ಅರೆದುಹೋಗುತ್ತದೆ. ಆದರೆ ಲೆಕ್ಕ ನೋಡಿ. ಮಿಲ್ಲಿನವರು ಕೊಡುವುದು ಕಸದ ರೇಟು. ಹೋಟೆಲಿನ ರೇಟು ಅದರ ಎಷ್ಟೋ ಪಟ್ಟು. ಪಾಪ್ಲೆಟ್ ಮರಿಯ ಹಿಂದೆ ಹೋಗುವ ಬೋಟಿಗೆ ಆಸೆ ಹುಟ್ಟಿಸುವುದು ಮಿಲ್ಲಿನ ಚಿಲ್ಲರೆಯಲ್ಲ, ನಮ್ಮ ದುಡ್ಡು. ಅದು ನಿಂತರೆ ಆ ಆಳಕ್ಕೆ ಬಲೆ ಹಾಕಿದ ಡೀಸೆಲ್ಲೂ ಹುಟ್ಟುವುದಿಲ್ಲ.

ಮಳೆಗಾಲದ ಮಾತಿಗೆ ಬರೋಣ. ಬೋಟುಗಳೆಲ್ಲ ದಡಕ್ಕೆ ಬಂದು ತಾಡಪತ್ರಿ ಹೊದ್ದು ನಿಂತಿರುವ ಜುಲೈಯಲ್ಲಿ ನಮ್ಮ ಕೆಲವು ಹೋಟೆಲುಗಳ ಬಾಗಿಲಲ್ಲಿ ‘ಇಂದಿನ ತಾಜಾ ಪಾಪ್ಲೆಟ್’ ಎಂಬ ಬೋರ್ಡು. ತಾಜಾ ಎಲ್ಲಿಂದ ಬಂತು? ಕೋಲ್ಡ್ ಸ್ಟೋರೇಜಿನ ಐಸು ಮೀನು ಇರಬಹುದು, ಜೂನ್ 14ಕ್ಕೆ ನಿಷೇಧ ಮುಗಿಯುವ ಮೂಡುಗಡಲಿನಿಂದ ಬಂದದ್ದಿರಬಹುದು. ಎರಡರಲ್ಲೂ ತಪ್ಪಿಲ್ಲ, ಹಾಗೆಂದು ಬರೆಯಿರಿ. ಕದ್ದು ಇಳಿದ ಬೋಟಿನದ್ದಾದರೆ ಮಾತ್ರ ಅದು ಬೇರೆಯೇ ವಿಷಯ. ಮಳೆಗಾಲ ಬಹಳಷ್ಟು ಮೀನುಗಳಿಗೆ ಮೊಟ್ಟೆಯ ಕಾಲ. ಆಗ ಒಂದು ತಾಯಿ ಮೀನಿನ ಜೊತೆ ಎಷ್ಟು ಮರಿ ಹೋಗುತ್ತದೆ ಎಂದು ಲೆಕ್ಕ ಹಾಕುವುದೇ ಬೇಡ.

ಆಟಿ ತಿಂಗಳಿನಲ್ಲಿ ನಮ್ಮ ಮನೆಗಳಲ್ಲಿ ಏನಿರುತ್ತಿತ್ತು? ಅಟ್ಟದ ಮೇಲಿನ ಒಣಮೀನು, ಒಣ ಸಿಗಡಿಯ ಚಟ್ನಿ, ಕುಚ್ಚಲಕ್ಕಿ ಗಂಜಿ. ವರ್ಸೋವಾ, ಮಢ್‌ನ ಕೋಲಿವಾಡಗಳಲ್ಲೂ ಮಳೆಗೆ ಮುಂಚೆ ಬಿದಿರಿನ ದಂಡೆಗೆ ಬೊಂಬಿಲು ಕಟ್ಟಿ ಒಣಗಿಸುತ್ತಾರೆ, ಜವಳಾ ಎಂಬ ಸಣ್ಣ ಸಿಗಡಿ ಹರಡುತ್ತಾರೆ. ಜೂನ್–ಜುಲೈಗೆ ಒಂದು ಒಣಮೀನಿನ ಥಾಲಿ ಮಾಡಿ ನೋಡಿ. ಸಾಫ್ಟ್‌ವೇರ್ ಹುಡುಗರು ಫೋಟೋ ತೆಗೆದು ಹಾಕುತ್ತಾರೆ, ಕೋಲಿ ಹೆಂಗಸರಿಗೆ ವ್ಯಾಪಾರವಿಲ್ಲದ ಕಾಲದಲ್ಲಿ ನಾಲ್ಕು ಕಾಸು ಸಿಗುತ್ತದೆ. ವಾಸನೆಗೆ ಪಕ್ಕದ ಟೇಬಲಿನವರು ಎದ್ದು ಹೋಗುತ್ತಾರೆ ಎಂಬ ಭಯ ಇದ್ದರೆ ಎಕ್ಸಾಸ್ಟ್ ಫ್ಯಾನು ರಿಪೇರಿ ಮಾಡಿಸಿ. ಹೇಗೂ ಮಾಡಿಸಬೇಕಾದದ್ದೇ.

ಇನ್ನೊಂದು ವಿಚಿತ್ರ. ನಿಷೇಧ ಮುಗಿದು ಆಗಸ್ಟ್ 1ಕ್ಕೆ ಬೋಟು ಇಳಿಯುವ ಹೊತ್ತಿಗೆ ಮಹಾರಾಷ್ಟ್ರದವರಿಗೆ ಶ್ರಾವಣ ಬಂದಿರುತ್ತದೆ, ಇಲ್ಲವೇ ಬಾಗಿಲಿನಲ್ಲಿರುತ್ತದೆ. ಅರ್ಧ ಊರು ಮೀನು ಮುಟ್ಟುವುದಿಲ್ಲ. ಬಲೆಯಲ್ಲಿ ಮಳೆಗಾಲದಲ್ಲಿ ಹುಟ್ಟಿದ ಮರಿಗಳು, ದಕ್ಕೆಯಲ್ಲಿ ಬಿದ್ದುಹೋದ ರೇಟು. ಆ ಅಗ್ಗದಲ್ಲಿ ಕೊಂಡು ಫ್ರೀಜರಿಗೆ ತುಂಬುವವರು ನಮ್ಮವರೇ. ಶ್ರಾವಣದ ಹುಣ್ಣಿಮೆಯಾದ ನಾರಳಿ ಪೌರ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಬೋಟು ಇಳಿಯಲಿ ಎಂದು ಕೋಲಿಗಳಲ್ಲಿ ಅನೇಕರು ಕೇಳುತ್ತಲೇ ಇದ್ದಾರೆ. ಅದೇ ಹುಣ್ಣಿಮೆಗೆ ಮಲ್ಪೆಯಲ್ಲಿ ನಮ್ಮ ಮೊಗವೀರರು ಸಮುದ್ರಪೂಜೆ ಮಾಡುತ್ತಾರೆ. ಸರಕಾರ ತಾರೀಕು ಬದಲಿಸುವವರೆಗೆ ಕಾಯಬೇಕೆಂದೇನೂ ಇಲ್ಲ, ಆ ಹದಿನೈದು–ಇಪ್ಪತ್ತು ದಿನ ನಾವು ಪಾಪ್ಲೆಟ್ ಕೊಳ್ಳದಿದ್ದರೆ ಅಷ್ಟರಮಟ್ಟಿಗೆ ನಿಷೇಧ ಮುಂದುವರಿದಂತೆಯೇ. ನನ್ನ ವ್ಯಾಪಾರಕ್ಕೂ ಪೆಟ್ಟು ಬೀಳುತ್ತದೆ, ತಿಳಿದೇ ಹೇಳುತ್ತಿದ್ದೇನೆ.

ಮೀನುಗಾರಿಕೆ ಇಲಾಖೆಯವರಿಗೆ ಹೇಳುವುದು ಹೆಚ್ಚೇನಿಲ್ಲ. 54 ಜಾತಿಯ ಪಟ್ಟಿಯನ್ನು ಚಿತ್ರ, ಅಳತೆ ಸಮೇತ ಸಸೂನ್ ಡಾಕಿನಲ್ಲಿ, ಭಾವುಚಾ ಧಕ್ಕಾದಲ್ಲಿ ಹರಾಜಿನ ಕಟ್ಟೆಯ ಎದುರೇ ದೊಡ್ಡದಾಗಿ ಹಾಕಿಸಿ. ಮರಾಠಿ, ಹಿಂದಿ ಜೊತೆ ಕನ್ನಡದಲ್ಲೂ ಇರಲಿ, ಅಡುಗೆಮನೆಗಳಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ಎಂದು ನಿಮಗೆ ಗೊತ್ತು. ಅಳೆಯುವವನನ್ನು ಕಡಲಿಗೆ ಕಳಿಸುವ ಬದಲು ಬೆಳಗಿನ ಜಾವ ಹರಾಜಿಗೆ ಕಳಿಸಿ. ಬೋಟಿನವನಿಗೆ ದಂಡ ಹಾಕುವಾಗ ಅದೇ ಪೆಟ್ಟಿಗೆ ಕೊಂಡ ನಮ್ಮಂಥವರ ಹೆಸರನ್ನೂ ಬರೆದುಕೊಳ್ಳಿ, ಫಿಶ್‌ಮಿಲ್ಲಿನ ಗೇಟಿನಲ್ಲೂ ಒಬ್ಬ ನಿಲ್ಲಲಿ. ಮತ್ತೆ, ಚೌಕ ಕಣ್ಣಿನ ಚೀಲಕ್ಕೆ ಸಬ್ಸಿಡಿ ಕೊಟ್ಟು ಮೊದಲ ವರ್ಷದ ನಷ್ಟವನ್ನು ಸ್ವಲ್ಪ ಹಂಚಿಕೊಳ್ಳಿ. 12 ನಾಟಿಕಲ್ ಮೈಲಿಯ ಒಳಗೆ ರಾಜ್ಯದ ಕಾನೂನು, ಆಚೆ ಕೇಂದ್ರದ್ದು. ಮಲ್ಪೆಯ ಬೋಟು ಗೋವಾದ ಎದುರು, ರತ್ನಾಗಿರಿಯ ಎದುರು ಸಿಕ್ಕಿಬಿದ್ದಾಗೆಲ್ಲ ಜಗಳ. ಮೂರು ರಾಜ್ಯದ ಇಲಾಖೆಗಳು ಕೂತು ಅಳತೆಯ ಪಟ್ಟಿ ಒಂದೇ ಮಾಡಿಕೊಂಡರೆ ಆ ಜಗಳದ ಒಂದು ಭಾಗವಾದರೂ ಮುಗಿಯುತ್ತದೆ.

ಮತ್ತೆ ನಿಮ್ಮ ಕಡೆಗೆ. ಮುಂಬಯಿಯ ಹೋಟೆಲ್ ಸಂಘ ‘ಆಹಾರ್’ನಲ್ಲಿ ನಮ್ಮ ಕನ್ನಡಿಗರ ಮಾತು ನಡೆಯುತ್ತದೆ. ನೂರು ವರ್ಷ ದಾಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಇದೇ ಊರಿನಲ್ಲಿದೆ, ಕಡಲಿನ ಮಾತು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಈ ಎರಡೂ ಕಡೆಯ ಹಿರಿಯರು ಮೇ ತಿಂಗಳೊಳಗೆ ಒಂದು ಸಲ ಕೂರಲಿ, ಒಂದಿಬ್ಬರು ಕೋಲಿ ಸೊಸೈಟಿಯವರನ್ನೂ, ವರ್ಸೋವಾದಲ್ಲಿರುವ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ವಿಜ್ಞಾನಿಗಳನ್ನೂ ಕರೆಯಲಿ. ಒಟ್ಟಿಗೆ ತೀರ್ಮಾನ ಆದರೆ ಒಬ್ಬರ ಗಿರಾಕಿ ಇನ್ನೊಬ್ಬರಿಗೆ ಹೋಗುವ ಭಯವೂ ಇರುವುದಿಲ್ಲ. ಮೀಟಿಂಗಿನಲ್ಲಿ ಊಟ ಇಟ್ಟರೆ ಮಾಂದೇಲಿ ನನ್ನ ಲೆಕ್ಕದಲ್ಲಿ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ. ನಾಳೆ ರಾತ್ರಿ ವಾಟ್ಸ್‌ಆ್ಯಪಿನಲ್ಲಿ ಆರ್ಡರ್ ಕಳಿಸುವಾಗ ‘ಪ್ಲೇಟ್ ಸೈಜ್’ ಎಂದು ಬರೆಯುವ ಜಾಗದಲ್ಲಿ ‘ಅಳತೆಗಿಂತ ಚಿಕ್ಕದು ಬೇಡ, ಬಂದರೆ ವಾಪಸ್’ ಎಂದು ಬರೆಯಿರಿ. ಆ ಮೆಸೇಜನ್ನು ನಾನು ಹರಾಜಿನ ಕಟ್ಟೆಯಲ್ಲಿ ಬೋಟಿನವರಿಗೆ ತೋರಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಹೋಟೆಲುಗಳಿಗೆ ಮೀನು ಪೂರೈಸುವ ಒಬ್ಬ ಉಡುಪಿ ಕಡೆಯವನು
ಮುಂಬಯಿ